ಬಿತ್ತನೆ ಗೆಡ್ಡೆ ಉಂಡ ಮನೆ

ನಮ್ಮ ಮನೇಲಿ ಆಲೂಗೆಡ್ಡೆ ಬೆಳೀತಿದ್ವಿ, ತಿಂತಿರಲಿಲ್ಲ. ಇದನ್ನ ಹೇಳಿದರೆ ನನ್ನ ಮೊಮ್ಮಕ್ಕಳು ನಗ್ತಾವೆ. ಬೂವನಹಳ್ಳಿಯಿಂದ ಆಚೆಗೆ ನಮಗೆ ಎರಡೆಕರೆ ಕೆಂಪು ಹೊಲ ಇತ್ತು. ಒಂದೆಕರೆ ರಾಗಿ, ಒಂದೆಕರೆ ಗೆಡ್ಡೆ. ರಾಗಿ ಹೊಟ್ಟೆಗೆ, ಗೆಡ್ಡೆ ದುಡ್ಡಿಗೆ. ಉಪ್ಪು, ಸೀಮೆಎಣ್ಣೆ, ಬಟ್ಟೆ, ಕಂದಾಯ, ಅಪ್ಪನ ಹೊಗೆಸೊಪ್ಪು, ಯಾರಿಗಾದರೂ ಜ್ವರ ಬಂದರೆ ಔಷಧಿ, ಎಲ್ಲಾ ಆ ಒಂದೆಕರೆಯಿಂದಲೇ ಹುಟ್ಟಬೇಕು. ಅದಕ್ಕೇ ಒಳ್ಳೆ ಗೆಡ್ಡೆ ಅನ್ನೋದೆಲ್ಲಾ ಮೂಟೆ ಸೇರಿ ಹಾಸನದ ಮಂಡಿಗೆ ಹೋಗೋದು. ಗುದ್ದಲಿ ಬಾಯಿಗೆ ಸಿಕ್ಕಿ ಸೀಳಿದ್ದು, ಬಿಸಿಲು ಬಿದ್ದು ಹಸಿರು ತಿರುಗಿದ್ದು, ಹುಳ ತೂತು ಕೊರೆದಿದ್ದು ನಮಗೆ. ಅದೂ ಕೀಳೋ ಕಾಲದಲ್ಲಿ ಎಂಟು ಹತ್ತು ದಿನ, ಅಷ್ಟೆ. ಮಿಕ್ಕಂತೆ ವರ್ಷ ಪೂರ್ತಿ ಮುದ್ದೆ, ಹುರುಳಿಕಟ್ಟಿನ ಸಾರು, ಬೇಲಿ ಮೇಲೆ ಸಿಕ್ಕಿದ ಸೊಪ್ಪು. ಒಳ್ಳೆ ಗೆಡ್ಡೆ ರುಚಿ ಹೆಂಗಿರುತ್ತೆ ಅಂತ ಕೊಳ್ಳೋರಿಗೆ ಗೊತ್ತಿತ್ತು, ಬೆಳೆಯೋರಿಗೆ ಗೊತ್ತಿರಲಿಲ್ಲ.

ಮನೆ ಅಂದರೆ ಒಂದೇ ಉದ್ದನೆ ಅಂಕಣ. ಬಾಗಿಲ ಕಡೆ ಎರಡು ಎತ್ತು, ಒಳಗಡೆ ನಾವು, ಮೂಲೇಲಿ ಒಲೆ. ಮೇಲೆ ಬಿದಿರಿನ ಅಟ್ಟ. ಅಪ್ಪ, ಅವ್ವ, ಅಪ್ಪನ ಅಕ್ಕ, ನಾವು ಮೂವರು ಹೆಣ್ಣುಮಕ್ಕಳು. ನಾನೇ ದೊಡ್ಡೋಳು, ಸಣ್ಣಿ ಅಂತ ಕರೀತಿದ್ದರು. ಅತ್ತೆಯನ್ನ ಹಳೇಕೋಟೆಗೆ ಕೊಟ್ಟಿದ್ದರು, ಗಂಡ ಸತ್ತ ಮೇಲೆ ಒಂದು ಟ್ರಂಕು ಹೊತ್ತುಕೊಂಡು ತಮ್ಮನ ಮನೆಗೆ ಬಂದಳು. ಆ ಟ್ರಂಕು ಕೊನೇವರೆಗೂ ಬೀಗ ಹಾಕಿಯೇ ಇತ್ತು. ಈಗ ನನ್ನ ಸೊಸೆ ಹೇಳ್ತಾಳೆ, ಮಕ್ಕಳ ಎದುರಿಗೆ ದುಡ್ಡಿನ ಮಾತು ಆಡಬಾರದಂತೆ, ಮನಸ್ಸಿಗೆ ಹಚ್ಚಿಕೊಳ್ತಾವಂತೆ. ನಮ್ಮಪ್ಪ ನಮ್ಮವ್ವ ಎಲ್ಲಿಗೆ ಹೋಗಿ ಆಡಬೇಕಿತ್ತು? ಎತ್ತಿನ ಕಾಲ ಕೆಳಗೆ? ಉಣ್ಣೋವಾಗ ಆಡೋರು, ನಾವು ಕೇಳಿಸಿಕೊಳ್ಳೋವು. ಅಪ್ಪನ ದುಡ್ಡು ಸೊಂಟದ ಚೀಲದಲ್ಲಿ, ಅವ್ವನ ದುಡ್ಡು ಸಾಸಿವೆ ಕುಡಿಕೇಲಿ, ಅತ್ತೆ ದುಡ್ಡು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನಗೆ ಇದೆಲ್ಲಾ ಬೇಕಿತ್ತು. ಯಾಕೆ, ಎಷ್ಟು, ಎಲ್ಲಿ, ಯಾರ್ದು ಅಂತ ಕೇಳ್ತಾನೇ ಇರ್ತಿದ್ದೆ. ಎರಡನೇ ಕ್ಲಾಸಿಗೇ ಇಸ್ಕೂಲು ಬಿಡಿಸಿದ್ದರು, ಅಲ್ಲಿ ಕೇಳಬೇಕಾದ್ದನ್ನೂ ಮನೇಲೇ ಕೇಳ್ತಿದ್ದೆ ಅಂತ ಕಾಣುತ್ತೆ. ಒಂದು ದಿನ ಅವ್ವನ ಕೇಳಿದೆ:

"ಅವ್ವಾ, ನಾವು ಬಡವರಾ?"

"ಮುದ್ದೆ ಉಂಡ್ಯಾ?"

"ಉಂಡೆ."

"ಮತ್ತಿನ್ನೇನ್ ಬಡವ್ರು? ಓಗು, ಒಂದ್ ಕೊಡ ನೀರ್ ತತ್ತಾ."

ಗೆಡ್ಡೆ ಊರೋದು ಮುಂಗಾರಿನ ಮೊದಲ ಮಳೆಗೆ. ಬಿತ್ತನೆ ಗೆಡ್ಡೆ ನಮ್ಮದಲ್ಲ, ಉತ್ತರದ ಕಡೆಯಿಂದ ರೈಲಲ್ಲಿ ಹಾಸನಕ್ಕೆ ಬರೋದು. ಅದಕ್ಕೆ ಅಪ್ಪ ಕೊಡ್ತಿದ್ದ ದುಡ್ಡು ನಮ್ಮ ಮನೇಲಿ ವರ್ಷಕ್ಕೆ ಒಂದೇ ಸಲ ಒಟ್ಟಿಗೆ ಕಾಣಿಸ್ತಿದ್ದ ದುಡ್ಡು. ಮೂಟೆ ಬಂದ ದಿನ ಅದಕ್ಕೆ ಅರಿಶಿನ ಇಟ್ಟು, ಕಾಯಿ ಒಡೆದು, ಆಮೇಲೆ ಬಿಚ್ಚೋರು. ಇಡೀ ಗೆಡ್ಡೆ ಯಾರೂ ಊರಲ್ಲ. ಒಂದೊಂದನ್ನ ಎರಡೋ ಮೂರೋ ಹೋಳು ಮಾಡಬೇಕು, ಪ್ರತಿ ಹೋಳಿಗೂ ಒಂದಾದರೂ ಕಣ್ಣು ಇರಬೇಕು. ಕಣ್ಣು ಅಂದರೆ ಮೊಳಕೆ ಬರೋ ಗುಳಿ. ಹೋಳು ಮಾಡಿದ ಮೇಲೆ ಒಲೆ ಬೂದಿ ಸವರಿ ಎರಡು ದಿನ ನೆರಳಲ್ಲಿ ಹರವಬೇಕು. ಇದು ಹೆಂಗಸರ ಕೆಲಸ. ಅವ್ವ, ಅತ್ತೆ ಇಬ್ಬರೂ ಕುಡುಗೋಲನ್ನ ಕಾಲಲ್ಲಿ ಒತ್ತಿ ಹಿಡಿದು ಕೂತರೆ ಹೊತ್ತು ಮುಳುಗೋ ತನಕ ಏಳ್ತಿರಲಿಲ್ಲ. ನನಗೆ ಒಂಬತ್ತೋ ಹತ್ತೋ ವರ್ಷ. ಆ ವರ್ಷ ಮೊದಲ ಸಲ ನನ್ನ ಕೈಗೂ ಒಂದು ಮೊಂಡು ಕುಡುಗೋಲು ಕೊಟ್ಟರು. ನಾನು ಕೂತಲ್ಲೇ ಅತ್ತೆಗೆ ಶುರು ಮಾಡಿದೆ:

"ಅತ್ತೆ, ಕಣ್ಣಿಲ್ದಿದ್ರೆ ಮೊಳೆಯಕಿಲ್ವಾ?"

"ಇಲ್ಲ ಕಣಮ್ಮಿ. ಮೊಳಕೆ ಬರಾದು ಕಣ್ಣಿಂದ್ಲೇಯ."

"ಮಿಕ್ಕಿದ್ ಗೆಡ್ಡೆ ಏನಾಗ್ತದೆ?"

"ಮಣ್ಣಲ್ಲಿ ಕೊಳ್ತೋಯ್ತದೆ. ಕುಯ್ಯಮ್ಮಿ ಸುಮ್ಕೆ, ಬೆರಳ್ ಕುಯ್ಕಂಡೀಯ."

ನಾನು ಆ ಮಾತನ್ನ ಹಿಡಿದುಕೊಂಡೆ. ಕಣ್ಣು ಮೊಳೆಯುತ್ತೆ, ಮಿಕ್ಕಿದ್ದು ಕೊಳೆಯುತ್ತೆ. ಕೊಳೆಯೋದನ್ನ ಯಾಕೆ ಊರಬೇಕು? ಅಷ್ಟು ದುಡ್ಡು ಕೊಟ್ಟು ತಂದು ಮಣ್ಣಲ್ಲಿ ಕೊಳೆಸೋದು ಯಾವ ಬುದ್ಧಿ? ದೊಡ್ಡೋರಿಗೆ ಇದು ಇಷ್ಟು ವರ್ಷ ಹೊಳೆದೇ ಇಲ್ಲವಲ್ಲ ಅಂತ ನನಗೆ ಆಶ್ಚರ್ಯ. ಮಾರನೇ ದಿನ ಅವ್ವ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋದಳು, ಅತ್ತೆ ನಡು ನೋವು ಅಂತ ಬಾಗಿಲಲ್ಲೇ ಒರಗಿ ನಿದ್ದೆ ಹೋದಳು. ನಾನು ಒಂದು ಮಂಕರಿ ಬುಟ್ಟಿ ತುಂಬ ಗೆಡ್ಡೆ ಎಳಕೊಂಡು ಕೂತೆ. ಕಣ್ಣಿರೋ ಕಡೆ ಸಿಪ್ಪೆ ಸಮೇತ ರೂಪಾಯಿ ದಪ್ಪಕ್ಕೆ ಚಕ್ಕೆ ಎಬ್ಬಿಸಿದೆ. ಒಂದು ಗೆಡ್ಡೇಲಿ ಎರಡು ಮೂರು ಹೋಳು ಬರೋ ಕಡೆ ನನಗೆ ಐದು, ಆರು ಚಕ್ಕೆ ಬಂತು. ಬೂದಿ ಮೆತ್ತಿ ಹರವಿದೆ. ಬೂದಿ ಮೆತ್ತಿದ ಮೇಲೆ ಎಲ್ಲಾ ಒಂದೇ ತರ ಕಂಡವು. ಉಳಿದ ತಿರುಳು, ಬೆಳ್ಳಗೆ, ನೀರು ಜಿನುಗೋದು, ಒಂದು ದೊಡ್ಡ ಪಾತ್ರೆ ತುಂಬ ಆಯಿತು. ಅವ್ವ ಬಂದಾಗ ಹೇಳಿದೆ:

"ಕೆಟ್ಟೋಗಿದ್ ಗೆಡ್ಡೆ ಒಸಿ ಇದ್ವು ಕಣವ್ವ. ಚೆನ್ನಾಗಿರೋ ಭಾಗ ಕುಯ್ದು ಮಡಗಿವ್ನಿ."

ಅವ್ವ ಪಾತ್ರೆ ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಪಾತ್ರೆ ನೋಡಿದಳು. ಹುಣಸೆಹಣ್ಣು ನೆನೆಹಾಕಿ, ಕಾರ ಅರೆದು, ಆ ಸಾಯಂಕಾಲ ಗಟ್ಟಿಯಾಗಿ ಹುಳಿ ಮಾಡಿದಳು. ಅಂಥ ಊಟ ನಮ್ಮ ಮನೇಲಿ ಹಬ್ಬಕ್ಕೂ ಆಗ್ತಿರಲಿಲ್ಲ. ಅಪ್ಪ ಎರಡು ಸಲ ಬಿಡಿಸಿಕೊಂಡ. ಅತ್ತೆ ನಡು ನೋವು ಮರೆತು ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ಕಿರಿಯೋವು ತಟ್ಟೆ ನೆಕ್ಕಿದವು. ಹತ್ತು ವರ್ಷ ಬಿತ್ತನೆ ಕೊಯ್ದ ಅವ್ವನಿಗೆ ಕೆಟ್ಟ ಗೆಡ್ಡೆ ಯಾವುದು, ಒಳ್ಳೇದು ಯಾವುದು ಗೊತ್ತಾಗಲಿಲ್ಲವೇ? ಈಗಲೂ ನನಗೆ ತೀರ್ಮಾನ ಆಗಿಲ್ಲ. ಅವಳೂ ಮನುಷ್ಯಳೇ, ಅವಳ ಬಾಯಲ್ಲೂ ನೀರು ಬಂದಿರಬೇಕು.

ಊರಿ ಮೂರು ವಾರಕ್ಕೆ ಹೊಲ ಹಸಿರಾಯಿತು. ಐದು ಸಾಲು ಮಾತ್ರ ಆಗಲಿಲ್ಲ. ಅಲ್ಲೊಂದು ಇಲ್ಲೊಂದು ಕಡ್ಡಿ ತರ ಎದ್ದಿತ್ತು, ಮಿಕ್ಕಿದ್ದು ಬರೀ ಮಣ್ಣು. ನಾನು ದಿನಾ ಹೋಗಿ ಬೆರಳಲ್ಲಿ ಮಣ್ಣು ಸರಿಸಿ ನೋಡ್ತಿದ್ದೆ. ಇವತ್ತು ಬರುತ್ತೆ, ನಾಳೆ ಬರುತ್ತೆ. ಮಳೆ ನಡುವೆ ಎಂಟು ದಿನ ಕೈಕೊಟ್ಟಿತ್ತು. ದಪ್ಪ ಹೋಳುಗಳು ತಮ್ಮ ಮೈಯನ್ನೇ ತಿಂದು ಬದುಕಿಕೊಂಡವು. ನನ್ನ ಚಕ್ಕೆಗೆ ತಿನ್ನೋಕೆ ಏನಿತ್ತು? ಅದನ್ನ ನಾವು ಉಂಡಿದ್ವಿ. ಕೊಳೆಯೋ ತಿರುಳೇ ಮೊಳಕೆಗೆ ಬುತ್ತಿ ಅಂತ ನನಗೆ ಅತ್ತೆ ಹೇಳಿರಲಿಲ್ಲ. ಅವಳಿಗೂ ಗೊತ್ತಿತ್ತೋ ಇಲ್ಲವೋ. ಒಂದು ದಿನ ಅಪ್ಪ ಟವಲ್ಲಿನಲ್ಲಿ ಏನೋ ಗಂಟು ಕಟ್ಟಿಕೊಂಡು ಬಂದು ಒಲೆ ಮುಂದೆ ಬಿಚ್ಚಿದ. ಒಣಗಿ ಮುರುಟಿಕೊಂಡ ಚಕ್ಕೆಗಳು, ಸತ್ತ ಇಲಿ ಕಿವಿ ತರ.

"ಇದ್ಯಾರ್ ಕುಯ್ದಿದ್ದು?"

"ನನ್ ಕೈನದಲ್ಲ ಕಣಪ್ಪ," ಅಂದಳು ಅತ್ತೆ.

"ಸಣ್ಣಿ, ನೀನಾ?"

"ನಂಗೊತ್ತಿಲ್ಲ. ಇಲಿ ತಿಂದಿರ್ಬೇಕು."

ಅವ್ವ ಒಂದು ಚಕ್ಕೆ ಎತ್ತಿ ತಿರುಗಿಸಿ ನೋಡಿದಳು.

"ಯಾವ್ ಇಲಿ ಕಣಮ್ಮಿ ಅದು, ಕುಡ್ಲು ಇಡ್ಕಂಡ್ ಕೂತಿತ್ತಾ?"

ನನಗೆ ಇಲಿ ಕುಡುಗೋಲು ಒತ್ತಿ ಹಿಡಿದು ಕೂತಿದ್ದು ಕಣ್ಣಿಗೆ ಕಟ್ಟಿ ಕಿಸಕ್ಕನೆ ನಗು ಬಂದುಬಿಟ್ಟಿತು. ನಕ್ಕಿದ್ದೇ ಸಾಕ್ಷಿ ಆಯಿತು. ಅಪ್ಪ ಬಾರುಕೋಲು ತೆಗೆದ. ನಾನು ಎತ್ತಿನ ಹಿಂದೆ ಸೇರಿಕೊಂಡು ಅಲ್ಲಿಂದಲೇ ಕಿರುಚಿದೆ.

"ಅತ್ತೇನೇ ಏಳಿದ್ದು! ಕಣ್ಣೊಂದೇ ಮೊಳೆಯಾದು, ಮಿಕ್ಕಿದ್ದು ಕೊಳ್ತೋಯ್ತದೆ ಅಂತ!"

"ಅಯ್ಯೋ ನಿನ್ ಬಾಯಿಗ್ ಮಣ್ಣಾಕ! ನಾನು ತಿನ್ನು ಅಂದ್ನೇನೇ? ಮಾಡಾದೂ ಮಾಡಿ ನನ್ ತಲೆಗೆ ಕಟ್ತಾಳಲ್ಲಪ್ಪೋ!"

"ಒಡಿಯಾದಾದ್ರೆ ಸಾಲಾಗಿ ಎಲ್ರಿಗೂ ಒಡಿ," ಅಂದಳು ಅವ್ವ, ಕೂತಲ್ಲಿಂದ ಏಳದೆ. "ಕುಯ್ದಿದ್ದು ಅವ್ಳು. ಬೇಯ್ಸಿದ್ದು ನಾನು. ಎಲ್ಡ್ ಸಲ ಬುಡುಸ್ಕಂಡು ಉಂಡಿದ್ದು ನೀನು."

ಅಪ್ಪ ಬಾರುಕೋಲನ್ನ ಗೂಟಕ್ಕೆ ಸಿಕ್ಕಿಸಿ ಆಚೆಗೆ ಹೋದ. ಏಟು ತಪ್ಪಿತು ಅಂತ ನಾನು ಅಂದುಕೊಂಡೆ. ಏಟು ತಿಂದಿದ್ದರೆ ಅವತ್ತಿಗೇ ಮುಗೀತಿತ್ತು. ಅತ್ತೆ ಮುಗಿಸೋಕೆ ಬಿಡಲಿಲ್ಲ. ಮಾರನೇ ದಿನದಿಂದ ಉಣ್ಣೋಕೆ ಕೂತಾಗೆಲ್ಲಾ ಅದೇ ಮಾತು. ಐದು ಸಾಲು ಹೋಯ್ತು, ಅಂದರೆ ಎರಡು ಮೂರು ಮೂಟೆ ಹೋಯ್ತು. ಈ ಸಲ ಬಟ್ಟೆ ಇಲ್ಲ, ಕಂದಾಯಕ್ಕೆ ಏನು ಮಾಡ್ತೀಯ. ಹೊಳೆನರಸೀಪುರದಲ್ಲಿ ಅವಳಿಗೆ ಗೊತ್ತಿರೋ ಜವಳಿ ಅಂಗಡಿಯವರ ಮನೆ ಇದೆ, ಕೂಸು ಆಡಿಸೋಕೆ ಹುಡುಗಿ ಬೇಕಂತೆ. ಎರಡು ಹೊತ್ತು ಅನ್ನ, ವರ್ಷಕ್ಕೆ ಎರಡು ಲಂಗ, ಮೇಲೆ ಅಪ್ಪನ ಕೈಗೆ ದುಡ್ಡು.

"ಇಲ್ಲಿ ಒಂದ್ ಬಾಯಿ ಕಮ್ಮಿ ಆಯ್ತದೆ. ಅವ್ಳಿಗೂ ಬುದ್ಧಿ ಬತ್ತದೆ. ಕೈ ಉದ್ದ ಇರೋ ಮಗೀಗೆ ಬ್ಯಾರೆ ಮನೆ ಕಣಪ್ಪ ಔಸ್ದಿ."

"ನೋಡಾನ," ಅಂತಿದ್ದ ಅಪ್ಪ. ಅವನು ಯಾವುದಕ್ಕೂ ಅದನ್ನೇ ಅನ್ನೋನು.

ಅವ್ವ ಬೇಡ ಅನ್ನಲಿಲ್ಲ. ಇದನ್ನ ನಾನು ಮುಚ್ಚಿಡಲ್ಲ. ಮೂರು ಮಕ್ಕಳು, ಐದು ಸಾಲು ಬೀಳು, ಅವಳೂ ಲೆಕ್ಕ ಹಾಕಿರಬೇಕು. ನಾನು ಮಲಗಿದ ಹಾಗೆ ಮಾಡಿ ಕಿವಿ ಕೊಟ್ಟಿರ್ತಿದ್ದೆ; ಬೇಡ ಅನ್ನೋ ಮಾತು ಅವಳ ಬಾಯಿಂದ ಬರುತ್ತಾ ಅಂತ ಕಾದೆ. ಬರಲಿಲ್ಲ. ಒಂದು ಬೆಳಿಗ್ಗೆ ನನ್ನ ತಲೆಗೆ ಹರಳೆಣ್ಣೆ ಹಾಕಿ, ಬಿಗಿಯಾಗಿ ಜಡೆ ಹೆಣೆದು, ಹರಿದ ಲಂಗಕ್ಕೆ ತೇಪೆ ಹಾಕಿ, ಇನ್ನೊಂದು ಲಂಗ ಗಂಟು ಕಟ್ಟಿ ಕೊಟ್ಟಳು. ಕಣ್ಣಲ್ಲಿ ನೀರು ಗೀರು ಏನೂ ಇರಲಿಲ್ಲ. ಬುದ್ಧಿ ಮಾತ್ರ ಹೇಳಿದಳು:

"ಕೇಳಿದ್ದಕ್ಕೆ ಉತ್ರ ಏಳು. ನೀನು ಮಾತ್ರ ಏನೂ ಕೇಳಕ್ ಓಗ್ಬ್ಯಾಡ."

ಅಪ್ಪನ ಜೊತೆ ಹಾಸನದಿಂದ ಹೊಳೆನರಸೀಪುರಕ್ಕೆ ರೈಲು. ನಾನು ರೈಲು ಹತ್ತಿದ್ದು ಅದೇ ಮೊದಲು. ಮನೆ ಬಿಟ್ಟು ಹೋಗ್ತಿದೀನಿ ಅನ್ನೋದು ಅರ್ಧ ದಾರಿಗೇ ಮರೆತುಹೋಯಿತು. ಆ ಮನೆ ಹೊಕ್ಕಾಗಂತೂ ಪೂರ್ತಿ ಮರೆತೆ. ನೆಲ ಕನ್ನಡಿ ತರ ಕೆಂಪಗೆ. ಗೋಡೆಗೆ ಗಡಿಯಾರ. ಎತ್ತು ಇಲ್ಲದ ಮನೆ, ಅಡುಗೆಗೇ ಒಂದು ಕೋಣೆ, ದೇವರಿಗೇ ಒಂದು ಕೋಣೆ, ಯಾರೂ ಇಲ್ಲದ ಕೋಣೆ ಇನ್ನೆರಡು. ಗೋಡೇಲಿ ಒಂದು ಕರೀ ಗುಂಡಿ ಇತ್ತು. ಒತ್ತಿದೆ. ಹಾಡುಹಗಲೇ ಮೇಲೆ ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಮೂರನೇ ಸಲ ಒತ್ತೋವಾಗ ಮನೆ ಯಜಮಾನಿ ಬಂದಳು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ದುಂಡನೆ ಕೂಸು.

"ಏ ಹುಡುಗಿ, ಮುಟ್ಟಬಾರದು ಅದನ್ನ. ಏನು ನಿನ್ನ ಹೆಸರು?"

"ಸಣ್ಣಿ."

"ಕೂಸು ಎತ್ತಿಕೊಳ್ಳೋಕೆ ಬರುತ್ತಾ?"

ನಾನು ಎತ್ತಿಕೊಂಡೆ. ಕೂಸು ನನ್ನ ಜಡೆ ಹಿಡಿದು ಎಳೆದು ನಕ್ಕಿತು. ಯಜಮಾನಿಗೆ ಒಪ್ಪಿಗೆ ಆಯಿತು ಅಂತ ಅವಳ ಮುಖ ನೋಡಿದರೇ ಗೊತ್ತಾಗ್ತಿತ್ತು. ನಮಗೆ ಒಂದೊಂದು ಎಲೆ ಮೇಲೆ ಇಡ್ಲಿ ತರಿಸಿದಳು, ಅಪ್ಪನಿಗೆ ಜಗುಲಿ ಮೇಲೆ, ನನಗೆ ಒಳಗಿನ ಹೊಸಿಲ ಹತ್ತಿರ. ನಾನು ನಾಲ್ಕು ತಿಂದೆ. ನಿಜ ಹೇಳ್ತೀನಿ, ಅಷ್ಟು ಹೊತ್ತಿಗೆ ನಾನು ಅಲ್ಲೇ ಇರೋದು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಅವ್ವ ನೆನಪಾಗಲಿಲ್ಲ. ಅಪ್ಪನೂ ಕೈ ತೊಳೆದ, ಲಂಗ ಎರಡು ಅಂತ ಮಾತಾಯಿತು, ದುಡ್ಡು ಇಷ್ಟು ಅಂತ ಮಾತಾಯಿತು. ಯಜಮಾನಿ ಒಳಗೆ ಹೋಗೋಳು ತಿರುಗಿ ನಿಂತು ಕೊನೇದಾಗಿ ಒಂದು ಕೇಳಿದಳು.

"ಡಬ್ಬಿ ಗಿಬ್ಬಿ ತೆಗೆದು ತಿನ್ನೋದು, ಸುಳ್ಳು ಹೇಳೋದು, ಅಂಥ ಅಭ್ಯಾಸ ಏನೂ ಇಲ್ಲ ತಾನೆ?"

ಇಲ್ಲ ಅಂದಿದ್ದರೆ ಮುಗಿದಿತ್ತು. ಎಲ್ಲಾ ಅಪ್ಪಂದಿರೂ ಅದನ್ನೇ ಅನ್ನೋದು. ಅಪ್ಪ ಟವಲ್ ತೆಗೆದು ಹೆಗಲಿಂದ ಹೆಗಲಿಗೆ ಹಾಕಿಕೊಂಡ.

"ಅದೊಂದ್ ಅದೆ ಕಣ್ರವ್ವ."

"ಏನದು?"

"ತಿಂದ್ಬುಡ್ತಾಳೆ. ಮಡಗಿದ್ ಮಡಗಿದಂಗೆ ಇರಾಕ್ ಬುಡಕಿಲ್ಲ. ಈ ಸಲ ಬಿತ್ನೆ ಗೆಡ್ಡೇನೇ ಬೇಯ್ಸಿ ಉಂಡವ್ಳೆ. ಅರ್ಧ ಮೂಟೆ."

"ಅರ್ಧ ಮೂಟೆ ಅಲ್ಲಪ್ಪೋ, ಒಂದ್ ಮಂಕ್ರಿ!" ಅಂದೆ ನಾನು. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

"ಕೇಳಿದ್ರೆ ಇಲಿ ತಿಂತು ಅಂತಾಳೆ. ಮಕ ನೋಡಿದ್ರೆ ನಿಜಾನೇ ಅನ್ನಂಗಿರ್ತದೆ. ನೀವು ದೊಡ್ಡೋರು, ಕೇಳಿದ್ರಿ, ನಾನ್ ಮುಚ್ಚಿಕ್ಬಾರ್ದು."

ಯಜಮಾನಿ ಬಂದು ನನ್ನ ಕಂಕುಳಿಂದ ಕೂಸು ಇಸಕೊಂಡಳು. ಒರಟಾಗಿ ಏನೂ ಮಾತಾಡಲಿಲ್ಲ, ಒಳ್ಳೇ ಹೆಂಗಸು. ಮುಂದಿನ ವರ್ಷ ನೋಡೋಣ ಬಿಡಪ್ಪ, ಹುಡುಗಿ ಇನ್ನೂ ಚಿಕ್ಕೋಳು ಅಂದಳು. ಅಪ್ಪ ಕೈಮುಗಿದು ಮೆಟ್ಟಿಲು ಇಳಿದ. ನಾನು ಗಂಟು ಎತ್ತಿಕೊಂಡು ಅಳ್ತಾ ಹಿಂದೆ ಹೋದೆ. ಸ್ಟೇಷನ್ನಿನ ತನಕ ಅಳು ನಿಲ್ಲಲಿಲ್ಲ.

"ಯಾಕಪ್ಪಾ ಏಳ್ದೆ?"

"ಕೇಳಿದ್ರಲ್ಲ."

"ಅರ್ಧ ಮೂಟೆ ಅಂತ ಯಾಕ್ ಏಳ್ದೆ?"

"ಬಾಯ್ ಮುಚ್ಕಂಡ್ ನಡಿ."

ಮನೇಲಿ ಅತ್ತೆ ಎದೆ ಎದೆ ಬಡಿದುಕೊಂಡಳು. ಬಾಯಿಗೆ ಬಂದ ತುತ್ತು ಚೆಲ್ಲಿ ಬಂದ್ಯಲ್ಲೋ, ನಿನ್ನಂಥ ಹೆಡ್ಡ ಹಾಸನ ಸೀಮೇಲೇ ಇಲ್ಲ, ಅದ್ಯಾವ ಸತ್ಯವಂತ ನೀನು ಅಂತ ಅವತ್ತೆಲ್ಲಾ ಬೈದಳು. ಅಪ್ಪ ಹೊಗೆಸೊಪ್ಪು ಅಗೀತಾ ಕೂತಿದ್ದ. ಅವ್ವ ನನ್ನ ಕೈಯಿಂದ ಗಂಟು ಇಸಕೊಂಡು, ಲಂಗ ತೆಗೆದು ಹಗ್ಗದ ಮೇಲೆ ಹಾಕಿ, ಅದೇ ಕೈಲಿ ಕೊಡ ಎತ್ತಿ ಕೊಟ್ಟಳು.

"ಬೆಳಗಿಂದ ನೀರಿಲ್ಲ ಮನೇಲಿ."

ಆ ವರ್ಷ ನಮಗೆ ಬಟ್ಟೆ ತರಲಿಲ್ಲ. ಕಂದಾಯಕ್ಕೆ ಒಂದಿಷ್ಟು ಮಾರಿದ ಮೇಲೆ ರಾಗಿ ಎರಡು ತಿಂಗಳು ಮುಂಚೇನೇ ತಳ ಕಂಡಿತು. ಅಪ್ಪ ಬಾಡಿಗೆ ಗಾಡಿ ಹೊಡೆದ, ಅವ್ವ ಕಂಡೋರ ಹೊಲಕ್ಕೆ ಕಳೆ ಕೀಳೋಕೆ ಹೋದಳು, ನನ್ನನ್ನೂ ಕರಕೊಂಡು ಹೋದಳು. ಅಪ್ಪ ಹೆಡ್ಡ, ಸುಳ್ಳು ಹೇಳೋಕೆ ಬರದೆ ನನ್ನ ಇಡ್ಲಿ ಕಳೆದ ಅಂತ ನಾನು ಸುಮಾರು ದಿನ ಸಿಟ್ಟಲ್ಲೇ ಇದ್ದೆ. ಮಾತಾಡಿಸಿದರೆ ತಿರುಗಿ ನೋಡ್ತಿರಲಿಲ್ಲ. ಅವನು ಅದನ್ನ ಕಂಡುಕೊಂಡನೋ ಇಲ್ಲವೋ, ಗೊತ್ತಿಲ್ಲ. ಗಂಡಸರಿಗೆ ಎತ್ತು ಮುನಿಸಿಕೊಂಡರೆ ಗೊತ್ತಾಗೋ ಅಷ್ಟು ಮಕ್ಕಳು ಮುನಿಸಿಕೊಂಡರೆ ಗೊತ್ತಾಗ್ತಿರಲಿಲ್ಲ.

ಅದೇ ವರ್ಷ ಗೆಡ್ಡೆ ಕಿತ್ತ ಮೇಲೆ ಮೂಟೆ ತುಂಬೋದಕ್ಕೆ ನನ್ನನ್ನೂ ಕೂರಿಸಿದರು. ಅಪ್ಪ ಹೇಳಿಕೊಟ್ಟ ಹಾಗೆ ತುಂಬಿದೆ: ಚೀಲದ ತಳಕ್ಕೆ ಗೋಲಿ ಗಾತ್ರದ್ದು, ನಡುವೆ ಮಧ್ಯಮದ್ದು, ಬಾಯಿ ಹತ್ತಿರ ಮುಷ್ಟಿ ಗಾತ್ರದ್ದು. ಎಲ್ಲರೂ ಹಂಗೇ ತುಂಬೋರು. ಗಾಡಿ ಕಟ್ಟಿ ಹಾಸನದ ಮಂಡಿಗೆ ಹೋದಾಗ ಅಪ್ಪ ನನ್ನನ್ನೂ ಮೂಟೆ ಮೇಲೆ ಕೂರಿಸಿಕೊಂಡು ಹೋದ. ಮಂಡಿ ಸಾವ್ಕಾರ ಒಂದು ಚೀಲದ ಬಾಯಿ ಬಿಚ್ಚಿಸಿ, ಮೇಲಿನ ನಾಲ್ಕು ಗೆಡ್ಡೆ ಎತ್ತಿ ನೋಡಿ, ಅಪ್ಪನ ಮುಖ ನೋಡಿದ.

"ಏನಯ್ಯಾ, ತಳದವರೆಗೂ ಇಂಥದೇ ತಾನೆ? ಸಣ್ಣದು ಹಾಕಿಲ್ಲವಲ್ಲ?"

"ಛೆ, ಎಲ್ಲಾರಾ ಉಂಟಾ ಸಾ! ಒಂದೂ ಇಲ್ಲ."

"ಆಣೆಗೂ?"

"ಇಗಳಿ, ನನ್ ಮಗೀನ್ ತಲೆ ಮುಟ್ಟಿ ಏಳ್ತೀನಿ," ಅಂತ ಅಪ್ಪ ಒಂಚೂರೂ ತಡವರಿಸದೆ ನನ್ನ ತಲೆ ಮೇಲೆ ಕೈ ಇಟ್ಟ. ನಾನು ಕತ್ತು ಎತ್ತಿ ಅವನ ಮುಖ ನೋಡಿದೆ. ಸುಳ್ಳು ಹೇಳೋಕೆ ಬರದ ನನ್ನಪ್ಪ ನೀರು ಕುಡಿದಷ್ಟು ಸಲೀಸಾಗಿ ಹೇಳ್ತಿದ್ದ. ಆ ಚೀಲದ ತಳ ತುಂಬಿದ್ದೋಳು ನಾನೇ.